ಹೊಸ ಬೆಕ್ಕಿಗೊಂದು ಖೋಲಿ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಬೆಕ್ಕು ಸಾಕುವವರು ಈಗ ಕಡಿಮೆಯೇನಿಲ್ಲ. ಅಕ್ಷಯ ಪಾರ್ಕು, ರವಿನಗರದ ಮನೆಗಳಲ್ಲಿ, ವಿಮಾನ ನಿಲ್ದಾಣದ ಕಡೆಗೆ ಹೋದಂತೆ ಎದ್ದಿರುವ ಹೊಸ ಅಪಾರ್ಟ್‌ಮೆಂಟುಗಳಲ್ಲಿ, ಸಂಜೆ ಹೊತ್ತು ಕಿಟಕಿಯ ಜಾಳಿಗೆಯ ಹಿಂದೆ ಒಂದು ಬೆಕ್ಕು ಕೂತಿರುತ್ತದೆ. ಹೆಚ್ಚಿನವು ಊರ ಬೆಕ್ಕುಗಳೇ. ಕಾರಿನ ಬಾನೆಟ್ಟಿನೊಳಗೆ ಸಿಕ್ಕದ್ದು, ಗಟಾರದ ಬದಿಯಿಂದ ಮಕ್ಕಳು ಎತ್ತಿಕೊಂಡು ಬಂದದ್ದು, ವರ್ಗವಾಗಿ ಹೋದವರು ಯಾರದೋ ಕೈಗೆ ಒಪ್ಪಿಸಿ ಹೋದದ್ದು. ತಂದ ಮೊದಲ ದಿನ ಮನೆಯಲ್ಲಿ ಹಬ್ಬ. ವಾರ ಕಳೆಯುವುದರೊಳಗೆ ಮಾತಿನ ಧಾಟಿ ಬದಲಾಗುತ್ತದೆ: "ಅಲ್ರೀ, ರೊಕ್ಕಾ ಕೊಟ್ಟು ಲಿಟರ್ ಬಾಕ್ಸ್ ತಂದಿಟ್ಟೀವಿ. ಅದರಾಗ ಹೋಗಂಗಿಲ್ಲ. ಸೋಫಾದ ಹಿಂದ, ಹಾಸಿಗಿ ಮ್ಯಾಲ, ಚಪ್ಪಲಿ ಸ್ಟ್ಯಾಂಡಿನಾಗ ಮಾಡ್ತದ. ಬೇಕಂತನ ಮಾಡ್ತದ. ಭಾಳ ಛಲ ಐತ್ರೀ ಅದಕ."

ಈ ಛಲದ ಬಗ್ಗೆಯೇ ಇವತ್ತು ನಾನು ಮಾತಾಡುವುದು. ಬೆಕ್ಕಿಗೆ ಸಿಟ್ಟು ಬರುತ್ತದೆ, ಹಸಿವಾಗುತ್ತದೆ, ಅಂಜಿಕೆಯಾಗುತ್ತದೆ. ಆದರೆ ನಿಮ್ಮ ಮೇಲೆ ಸೇಡು ತೀರಿಸಿಕೊಳ್ಳಲು ಹಾಸಿಗೆಯನ್ನೇ ಆರಿಸಿಕೊಳ್ಳುವಷ್ಟು ಲೆಕ್ಕಾಚಾರ ಅದರ ತಲೆಯಲ್ಲಿಲ್ಲ. ಅಂಥ ಲೆಕ್ಕಾಚಾರ ಮನುಷ್ಯರದು. ಹಾಸಿಗೆ ಮೆತ್ತಗಿದೆ, ಒದ್ದೆಯನ್ನು ಹೀರಿಕೊಳ್ಳುತ್ತದೆ, ನೆಲದಿಂದ ಎತ್ತರದಲ್ಲಿದೆ, ಅಲ್ಲಿಂದ ಬಾಗಿಲು ಕಾಣುತ್ತದೆ. ಹೆದರಿದ ಪ್ರಾಣಿಗೆ ಅದು ಒಳ್ಳೆಯ ಜಾಗ, ಅಷ್ಟೆ. ಸೋಫಾದ ಹಿಂದಿನ ಸಂದಿಯಂತೂ ಇನ್ನೂ ಒಳ್ಳೆಯದು, ಅಲ್ಲಿಗೆ ಯಾರ ಕೈಯೂ ಬರುವುದಿಲ್ಲ.

ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೂತ್ರಕೋಶದ ಬೇನೆಯಿದ್ದ 20 ಬೆಕ್ಕುಗಳನ್ನೂ ಆರೋಗ್ಯವಾಗಿದ್ದ 12 ಬೆಕ್ಕುಗಳನ್ನೂ 77 ವಾರ ನೋಡಿದ್ದರು. ಊಟದ ಹೊತ್ತು ತಪ್ಪಿದರೆ, ನೋಡಿಕೊಳ್ಳುವ ಮನುಷ್ಯ ಬದಲಾದರೆ, ದಿನದ ಕ್ರಮ ಕೆಟ್ಟರೆ, ಬೇನೆಯಿದ್ದವು ಮಾತ್ರವಲ್ಲ, ಗಟ್ಟಿಮುಟ್ಟಾದ ಬೆಕ್ಕುಗಳೂ ಊಟ ಬಿಟ್ಟವು, ಲಿಟರ್ ಬಾಕ್ಸಿನ ಹೊರಗೆ ಮಾಡತೊಡಗಿದವು. ಬರೀ ಆಳು ಬದಲಾದದ್ದಕ್ಕೆ ಇಷ್ಟಾದರೆ, ಊರು, ವಾಸನೆ, ಸದ್ದು, ಮನುಷ್ಯರು ಎಲ್ಲ ಒಂದೇ ದಿನದಲ್ಲಿ ಬದಲಾದ ಬೆಕ್ಕಿನ ಪಾಡು ಏನಾಗಬೇಕು?

ನಮ್ಮ ಹಿರಿಯರ ಮನೆಗಳಲ್ಲಿ ಬೆಕ್ಕು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಹಳೇ ಹುಬ್ಬಳ್ಳಿಯ ಮನೆಗೆ ಮುಂದೆ ಪಡಸಾಲೆ ಇದ್ದರೆ ಹಿಂದೆ ಹಿತ್ತಲಿರುತ್ತಿತ್ತು. ಹಿತ್ತಲಲ್ಲಿ ಬಚ್ಚಲೊಲೆಯ ಬೂದಿಯ ಗುಂಪೆ, ತಿಪ್ಪೆ, ಸಡಿಲ ಮಣ್ಣು. ಇಲಿ ಕಾಯಲು ಇಟ್ಟುಕೊಂಡ ಬೆಕ್ಕು ತನ್ನ ಕೆಲಸವನ್ನು ಅಲ್ಲೇ ಮುಗಿಸಿ, ಕೆದರಿ ಮುಚ್ಚಿ ಬರುತ್ತಿತ್ತು. ಅದನ್ನು ಯಾರೂ ಕಲಿಸಲಿಲ್ಲ. ಸಾಕು ಬೆಕ್ಕಿನ ಮೂಲ ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾದ ಒಣ ನಾಡಿನ ಕಾಡುಬೆಕ್ಕು. ಮನುಷ್ಯನ ಜೊತೆ ಅದರ ಸಂಬಂಧ ಹಳೆಯದು: ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕಿನ ಗೋರಿಯೊಂದು ಸಿಕ್ಕಿದೆ, ಸುಮಾರು 9500 ವರ್ಷಗಳ ಹಿಂದಿನದು. ಸಡಿಲ ಮಣ್ಣು ಕಂಡರೆ ಕೆದರುವುದು ಅದರ ಹುಟ್ಟುಗುಣ. ಗೋಕುಲ ರಸ್ತೆಯಲ್ಲಿ ಮನೆ ಕಟ್ಟಿಸುವವರಿಗೆ ಇದು ಚೆನ್ನಾಗಿ ಗೊತ್ತು. ಸೈಟಿನ ಮುಂದೆ ಉಸುಕು ಇಳಿಸಿದ ಮರುದಿನ ಬೆಳಿಗ್ಗೆ ಗೌಂಡಿಯ ಬೈಗುಳ ಕೇಳಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಹಾಗಿದ್ದ ಮೇಲೆ ಫ್ಲ್ಯಾಟಿಗೆ ಬಂದ ಬೆಕ್ಕಿಗೆ ನಾವು ಕಲಿಸಬೇಕಾದದ್ದು ಬಹಳ ಕಡಿಮೆ. ಅದು ಬೇಡುವುದು ಮೂರು: ಕೆದರಲು ಮಣ್ಣಿನಂಥದ್ದು, ಅಂಜದೆ ಕೂರಲು ಜಾಗ, ಆ ಜಾಗ ಎಲ್ಲಿದೆ ಎಂಬ ಗುರುತು. ಮೂರನೆಯದರಲ್ಲೇ ಹೆಚ್ಚಿನವರು ಎಡವುತ್ತಾರೆ. ಬೆಕ್ಕನ್ನು ತಂದು ಹಾಲ್‌ನಲ್ಲಿ ಬಿಟ್ಟು, "ಹೋಗು, ಮನಿ ನೋಡಿ ಬಾ" ಎನ್ನುತ್ತಾರೆ. ಒಂದು ಹೋಲಿಕೆ ಕೊಡುತ್ತೇನೆ: ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದವಿದೆ. 2023ರಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಉದ್ದದ್ದು ಎಂದು ಹೆಸರಾಯಿತು. ಊರು ಗೊತ್ತಿಲ್ಲದವನೊಬ್ಬ ಹೊಟ್ಟೆ ಕಿವುಚುತ್ತಿರುವಾಗ ಅದರ ಒಂದು ತುದಿಯಲ್ಲಿ ಇಳಿದ, ಶೌಚಾಲಯ ಮತ್ತೊಂದು ತುದಿಯಲ್ಲಿದೆ, ನಡುವೆ ಭಾಷೆ ತಿಳಿಯದ ಜನ ಎಂದಿಟ್ಟುಕೊಳ್ಳಿ. ಮೂರು ಬೆಡ್‌ರೂಮಿನ ಮನೆಯಲ್ಲಿ ಬಿಟ್ಟ ಹೊಸ ಬೆಕ್ಕಿನ ಸ್ಥಿತಿ ಅದೇ.

ಆದ್ದರಿಂದ ಮೊದಲು ಒಂದೇ ಖೋಲಿ ಕೊಡಿ. ಮನೆಯಲ್ಲಿ ಎಲ್ಲಕ್ಕಿಂತ ಕಡಿಮೆ ಓಡಾಟವಿರುವ ಖೋಲಿ. ರಸ್ತೆಯ ಕಡೆಯದಾದರೆ ಬೇಡ. ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋಗುವ ಲಾರಿಗಳು, ಬಸ್ಸುಗಳು, ತಲೆಯ ಮೇಲೆ ಇಳಿಯುವ ವಿಮಾನ ನಮಗೆ ರೂಢಿಯಾಗಿವೆ, ಅದಕ್ಕಿಲ್ಲ. ಆ ಖೋಲಿಯ ಒಂದು ಮೂಲೆಯಲ್ಲಿ ಲಿಟರ್ ಬಾಕ್ಸ್, ಅದಕ್ಕೆ ಎದುರಿನ ಮೂಲೆಯಲ್ಲಿ ನೀರು ಮತ್ತು ಊಟ. ಉಣ್ಣುವ ಕಡೆಗೇ ಹೇಲುವ ಪ್ರಾಣಿ ಬೆಕ್ಕಲ್ಲ. ಮಂಚದ ಕೆಳಗಿನ ಜಾಗ, ಕಪಾಟಿನ ಹಿಂದಿನ ಸಂದಿ ಮುಚ್ಚಿ. ಬದಲಿಗೆ ಒಂದು ರಟ್ಟಿನ ಡಬ್ಬಿಯನ್ನು ಮಗ್ಗುಲಿಗೆ ಮಲಗಿಸಿ, ಒಳಗೆ ಹಳೆಯ ಕೌದಿಯ ತುಂಡು ಹಾಕಿ ಇಡಿ. ಟಿವಿ, ಮಿಕ್ಸರ್ ಬಂದ ಖಾಲಿ ಡಬ್ಬಿ ಸಾಕು. ನೆದರ್‌ಲ್ಯಾಂಡ್ಸ್‌ನ ಪ್ರಾಣಿ ಆಶ್ರಯಧಾಮವೊಂದರಲ್ಲಿ ಹೊಸದಾಗಿ ಬಂದ ಕೆಲವು ಬೆಕ್ಕುಗಳಿಗೆ ಇಂಥ ಡಬ್ಬಿ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿದರು. ಅಡಗಲು ಡಬ್ಬಿ ಸಿಕ್ಕವು ಬಹಳ ಬೇಗ ಶಾಂತವಾದವು. 2014ರಲ್ಲಿ ಇದು ಪ್ರಕಟವಾಯಿತು. ಡಬ್ಬಿಯೊಳಗೆ ಹೊಕ್ಕ ಬೆಕ್ಕನ್ನು ಹೊರಗೆಳೆದು ಬಂದವರಿಗೆಲ್ಲ ತೋರಿಸುವ ಚಟ ನಮ್ಮಲ್ಲಿದೆ. ಅದನ್ನು ಬಿಡಬೇಕು. ಬೀಗರು ಇನ್ನೊಮ್ಮೆ ಬಂದಾಗ ನೋಡಲಿ.

ಇನ್ನು ಲಿಟರ್ ಡಬ್ಬಿಯ ವಿಷಯ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಬಾಕ್ಸುಗಳು ಬೆಳೆದ ಬೆಕ್ಕಿಗೆ ಸಣ್ಣವು. ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕು ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ಉದ್ದದ ಡಬ್ಬಿ ಬೇಕು. ಒಳಗೆ ಹೋಗಿ, ಸುತ್ತು ತಿರುಗಿ, ಕೆದರಿ, ಕೂತು, ಮತ್ತೆ ತಿರುಗಿ ಮುಚ್ಚುವಷ್ಟು ಜಾಗವಿರಬೇಕು. ದುರ್ಗದ ಬೈಲಿನ ಪ್ಲಾಸ್ಟಿಕ್ ಅಂಗಡಿಗಳಲ್ಲಿ ಸಿಗುವ ಅಗಲವಾದ, ಬದಿ ತಗ್ಗಾದ ಟಬ್ಬೇ ಸಾಕು, ಬೆಲೆಯೂ ಕಡಿಮೆ. ಮುಚ್ಚಳವಿರುವ, ಮನೆಯಾಕಾರದ ಬಾಕ್ಸುಗಳು ನಮ್ಮ ಕಣ್ಣಿಗೆ ಚೆಂದ. ಹೆದರಿದ ಬೆಕ್ಕಿಗೆ ಅದು ಒಂದೇ ಬಾಗಿಲಿನ ಬೋನು: ಒಳಗೆ ಕೂತಾಗ ಯಾರಾದರೂ ಬಂದರೆ ಓಡುವ ದಾರಿಯಿಲ್ಲ, ವಾಸನೆಯೂ ಒಳಗೇ ನಿಲ್ಲುತ್ತದೆ. ಮೊದಲ ದಿನಗಳಲ್ಲಿ ಮುಚ್ಚಳ ತೆಗೆದಿಡಿ. ಒಂದು ಬೆಕ್ಕಿಗೆ ಎರಡು ಡಬ್ಬಿ, ಎರಡು ಬೆಕ್ಕಿಗೆ ಮೂರು ಎನ್ನುವುದು ವೈದ್ಯರ ಲೆಕ್ಕ. ಕೆಲವು ಬೆಕ್ಕುಗಳು ಒಂದಕ್ಕೆ ಒಂದು ಕಡೆ, ಎರಡಕ್ಕೆ ಇನ್ನೊಂದು ಕಡೆ ಹೋಗುತ್ತವೆ. ಮನುಷ್ಯರಿಗಿಂತ ನಾಜೂಕು.

ಡಬ್ಬಿಗೆ ಏನು ತುಂಬಬೇಕು? ಇದಕ್ಕೊಂದು ಸ್ವಾರಸ್ಯದ ಇತಿಹಾಸವಿದೆ. ಗೋಕುಲ ರಸ್ತೆಯ ವರ್ಕ್‌ಶಾಪುಗಳಲ್ಲಿ ನೆಲದ ಮೇಲೆ ಎಣ್ಣೆ ಚೆಲ್ಲಿದರೆ ಕಟ್ಟಿಗೆ ಪುಡಿ ಹರಡಿ ಬಳಿಯುತ್ತಾರಲ್ಲ, ಅಮೆರಿಕದ ಎಡ್ ಲೋ ಎಂಬಾತನ ಮನೆತನದ ವ್ಯಾಪಾರ ಅಂಥದ್ದೇ. ಕಾರ್ಖಾನೆಗಳಿಗೆ ಕಟ್ಟಿಗೆ ಪುಡಿ, ಮರಳು, ಒಣಗಿಸಿದ ಜೇಡಿಮಣ್ಣಿನ ಹರಳು ಮಾರುತ್ತಿದ್ದರು. 1947ರಲ್ಲಿ ನೆರೆಯ ಹೆಂಗಸೊಬ್ಬಳು ಬೆಕ್ಕಿನ ಡಬ್ಬಿಗೆ ಉಸುಕು ಕೇಳಿಕೊಂಡು ಬಂದಳು. ಆತ ಉಸುಕಿನ ಬದಲು ಜೇಡಿಮಣ್ಣಿನ ಹರಳು ಕೊಟ್ಟ. ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯದೇ ಆ ಮಣ್ಣು. ಆಕೆ ಮತ್ತೆ ಮತ್ತೆ ಬಂದಳು. ಆತ ಐದು ಪೌಂಡಿನ ಚೀಲ ಕಟ್ಟಿ 65 ಸೆಂಟಿಗೆ ಮಾರಲು ನಿಂತ. ಇವತ್ತಿನ ಲಿಟರ್ ವ್ಯಾಪಾರವೆಲ್ಲ ಅಲ್ಲಿಂದ ಹಬ್ಬಿದ್ದು. ಒದ್ದೆಯಾದರೆ ಉಂಡೆ ಕಟ್ಟುವ ಬೆಂಟೊನೈಟ್ ಲಿಟರ್ ಬಂದದ್ದು 1980ರ ದಶಕದಲ್ಲಿ. ನಮ್ಮ ದೇಶದಲ್ಲಿ ಬೆಂಟೊನೈಟ್ ಗುಜರಾತಿನ ಕಚ್ಛದಲ್ಲಿ ಹೇರಳವಾಗಿ ಸಿಗುತ್ತದೆ.

ಬೆಂಟೊನೈಟಿನಲ್ಲಿ ಇರುವ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಗೋಕುಲ, ಕುಸುಗಲ್, ನವಲಗುಂದದ ಎರೆ ಹೊಲಗಳು ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುವುದೂ, ಮಳೆ ಬಿದ್ದೊಡನೆ ಚಪ್ಪಲಿ ಹಿಡಿದು ಬಿಡದಿರುವುದೂ ಅದೇ ಜಾತಿಯ ಖನಿಜದಿಂದ. ಹಾಗಂತ ಡಬ್ಬಿ ತುಂಬ ಎರೆಮಣ್ಣು ಸುರಿಯಬೇಡಿ, ಅದು ರಾಡಿಯಾಗಿ ಬೆಕ್ಕಿನ ಪಾದಕ್ಕೆ ಅಂಟಿ ಮನೆಯೆಲ್ಲ ಹರಡುತ್ತದೆ. ಆದರೆ ಬೀದಿಯಲ್ಲಿ ಬೆಳೆದ ಬೆಕ್ಕು ಅಂಗಡಿಯ ಲಿಟರ್ ಕಂಡು ಮೂಗು ತಿರುಗಿಸಿದರೆ, ಬಿಸಿಲಿಗೆ ಚೆನ್ನಾಗಿ ಒಣಗಿದ ಮಣ್ಣನ್ನೋ ಸಣ್ಣ ಉಸುಕನ್ನೋ ಲಿಟರಿನ ಮೇಲೆ ತೆಳ್ಳಗೆ ಹರಡಿ. ಅದಕ್ಕೆ ಗೊತ್ತಿರುವ ವಾಸನೆ ಅದು. ಅಲ್ಲಿ ಹೋಗಲು ರೂಢಿಯಾದ ಮೇಲೆ ದಿನದಿಂದ ದಿನಕ್ಕೆ ಮಣ್ಣು ಕಡಿಮೆ ಮಾಡಿ. ಲಿಟರ್ ಎರಡು ಇಂಚಿನಷ್ಟು ಆಳವಿದ್ದರೆ ಸಾಕು. ಸಣ್ಣ ಕಣದ, ವಾಸನೆಯಿಲ್ಲದ ಲಿಟರೇ ಹೆಚ್ಚಿನ ಬೆಕ್ಕುಗಳಿಗೆ ಇಷ್ಟ. ಮಲ್ಲಿಗೆ, ನಿಂಬೆ, ಲ್ಯಾವೆಂಡರ್ ಪರಿಮಳದ ಚೀಲಗಳು ನಮ್ಮ ಮೂಗಿಗಾಗಿ ಮಾಡಿದವು. ಮೂರು ನಾಲ್ಕು ತಿಂಗಳ ಒಳಗಿನ ಮರಿಗಳು ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತವೆ. ಉಂಡೆ ಕಟ್ಟುವ ಲಿಟರ್ ಅವಕ್ಕೆ ಬೇಡ, ಹೊಟ್ಟೆಯಲ್ಲಿ ಕೂತುಕೊಳ್ಳುತ್ತದೆ.

ಡಬ್ಬಿ ಇಡುವ ಜಾಗದ ಬಗ್ಗೆ ನಮ್ಮೂರಿನ ಮಾತು ನಮ್ಮೂರಿನವರಿಗೇ ಹೇಳಬೇಕು. ಹೆಚ್ಚಿನವರು ಅದನ್ನು ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲೋ ಬಾತ್‌ರೂಮಿನಲ್ಲೋ ಇಡುತ್ತಾರೆ. ಯುಟಿಲಿಟಿಯಲ್ಲಿ ವಾಷಿಂಗ್ ಮಷಿನ್ ಗಡಗಡ ಎನ್ನುತ್ತದೆ. ಪಕ್ಕದಲ್ಲಿ ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುವ ಸದ್ದು, ಕುಕ್ಕರಿನ ಸೀಟಿ. ನಮ್ಮ ಕಿವಿಗೆ ರೊಟ್ಟಿಯ ಸದ್ದು ಹಸಿವು ತರಿಸುತ್ತದೆ. ಡಬ್ಬಿಯಲ್ಲಿ ಆಗತಾನೆ ಕೂತ ಹೊಸ ಬೆಕ್ಕು ಅರ್ಧಕ್ಕೆ ಎದ್ದು ಓಡುತ್ತದೆ. ಒಮ್ಮೆ ಹಾಗೆ ಬೆಚ್ಚಿಬಿದ್ದರೆ ಆ ಡಬ್ಬಿಯೇ ಅದಕ್ಕೆ ಭಯದ ಜಾಗ. ಬಾತ್‌ರೂಮಿನದು ಬೇರೆ ಕಥೆ. ಹುಬ್ಬಳ್ಳಿಯಲ್ಲಿ ಎಷ್ಟೋ ಓಣಿಗಳಿಗೆ ಮಲಪ್ರಭೆಯ ನೀರು ಹಲವು ದಿನಕ್ಕೊಮ್ಮೆ ಬರುತ್ತದೆ. ನೀರು ಬಂದ ದಿನ ಮನೆ ರಣರಂಗ: ಮೋಟಾರು, ಬ್ಯಾರಲ್ಲು, ಕೊಡ, ನೆಲವೆಲ್ಲ ಒದ್ದೆ, ಎಲ್ಲರೂ ಬಚ್ಚಲಲ್ಲೇ. ಅವತ್ತು ಬೆಕ್ಕು ಎಲ್ಲಿಗೆ ಹೋಗಬೇಕು? ನೀರಿನ ದಿನವೇ ಹಾಸಿಗೆ ಕೆಡಿಸಿತು ಎಂದು ದೂರುವವರು ಅದನ್ನೂ ಸ್ವಲ್ಪ ಯೋಚಿಸಬೇಕು. ಬಾಲ್ಕನಿಯೂ ಸಲ್ಲ; ಏಪ್ರಿಲ್ ಬಿಸಿಲಿಗೆ ಡಬ್ಬಿಯ ಮಣ್ಣು ಕಾದು ಕೆಂಡವಾಗುತ್ತದೆ.

ಬೆಕ್ಕು ಹೊರಗೆ ಮಾಡಿದಾಗ ಅದರ ಮೂಗನ್ನು ಅಲ್ಲಿಗೆ ಒತ್ತಿ, ಒಂದೇಟು ಹಾಕಿ ಬುದ್ಧಿ ಕಲಿಸುವ ಪದ್ಧತಿ ಇನ್ನೂ ಹೋಗಿಲ್ಲ. ಅದರಿಂದ ಬೆಕ್ಕು ಕಲಿಯುವುದು ಒಂದನ್ನೇ: ಈ ಮನುಷ್ಯರ ಕಣ್ಣಿಗೆ ಬೀಳದ ಹಾಗೆ ಮಾಡಬೇಕು. ಆಮೇಲೆ ಡಬ್ಬಿಯ ಹತ್ತಿರ ನೀವಿದ್ದರೆ ಅಲ್ಲಿ ಕೂರುವುದಿಲ್ಲ, ಕಪಾಟಿನ ಹಿಂದೆ ಹೋಗುತ್ತದೆ. ಬೈಯದೆ, ಮಾತಾಡದೆ ಒರೆಸಿಬಿಡಿ.

ಒರೆಸುವುದಕ್ಕೆ ನಮ್ಮ ಕೈ ಮೊದಲು ಹೋಗುವುದು ಫಿನಾಯಿಲ್ ಬಾಟಲಿಗೆ. ದಯವಿಟ್ಟು ಅದನ್ನು ಕೆಳಗಿಡಿ. ಕರೀ ಫಿನಾಯಿಲ್‌ನಲ್ಲಿರುವ ಫಿನಾಲ್ ಜಾತಿಯ ರಸಾಯನಗಳನ್ನು ಮುರಿದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು, ಪಾದ ನೆಕ್ಕಿಕೊಂಡರೆ ವಿಷ ಒಳಗೆ ಹೋಗುತ್ತದೆ. ಡಾಂಬರು ಗುಳಿಗೆಯೂ ಹಾಗೆಯೇ, ಸೋಫಾದ ಹಿಂದೆ ಉರುಳಿಸಿಡಬೇಡಿ. ಬ್ಲೀಚಿಂಗ್ ಪುಡಿಯನ್ನು ಮೂತ್ರದ ಮೇಲೆ ಹಾಕಿದರೆ ಮೂತ್ರದ ಅಮೋನಿಯಾ ಸೇರಿ ಎದೆ ಉರಿಸುವ ಹೊಗೆ ಏಳುತ್ತದೆ, ಅದು ನಿಮಗೇ ಕೇಡು. ಹಳೇ ಪೇಪರ್ ಒತ್ತಿ ಒದ್ದೆ ಹೀರಿಸಿ, ಎನ್‌ಜೈಮ್ ಇರುವ ಬಟ್ಟೆ ಸೋಪಿನ ಪುಡಿಯನ್ನು ನೀರಿನಲ್ಲಿ ತೆಳ್ಳಗೆ ಕಲಸಿ ತೊಳೆಯಿರಿ, ಆಮೇಲೆ ಬರೀ ನೀರಿನಿಂದ ಒರೆಸಿ ಒಣಗಿಸಿ. ನಮ್ಮ ಮೂಗಿಗೆ ವಾಸನೆ ಹೋಯಿತು ಎಂದರೆ ಸಾಲದು. ಬೆಕ್ಕಿನ ಮೂಗಿಗೆ ಹೋಗಬೇಕು. ಉಳಿದ ವಾಸನೆ ಅದಕ್ಕೆ "ಇಲ್ಲೇ ಜಾಗ" ಎಂಬ ಬೋರ್ಡು. ಹೀಗೆ ಒದ್ದೆ ಹೀರಿದ ಪೇಪರಿನ ಒಂದು ಚೂರನ್ನು ಡಬ್ಬಿಯ ಮಣ್ಣಲ್ಲಿ ಹೂತಿಟ್ಟರೆ ಆ ಬೋರ್ಡು ಅಲ್ಲಿಗೆ ಬದಲಾಗುತ್ತದೆ.

ಊಟದ ಮಾತು ಒಂದಿಷ್ಟು. ಹೊಸ ಬೆಕ್ಕು ಬಂದೊಡನೆ ಬಟ್ಟಲು ತುಂಬ ಹಾಲು ಇಡುವುದು ನಮ್ಮ ಸಂಪ್ರದಾಯ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಹೊಟ್ಟೆ ಕೆಟ್ಟ ಬೆಕ್ಕು ಡಬ್ಬಿಯವರೆಗೆ ತಡೆದುಕೊಳ್ಳಲಾರದು. ಹಾಲು-ಅನ್ನ, ಮೊಸರನ್ನದ ಮೇಲೆಯೇ ಸಾಕುತ್ತೇವೆ ಎನ್ನುವ ಶಾಕಾಹಾರಿ ಮನೆಗಳಿಗೆ ಒಂದು ಮಾತು: ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಅಂಶ ಮಾಂಸದಲ್ಲಿದೆ, ಅನ್ನದಲ್ಲಿಲ್ಲ. ಅದು ಇಲ್ಲದಿದ್ದರೆ ಕಾಲಕ್ರಮೇಣ ಕಣ್ಣು, ಹೃದಯ ಕೆಡುತ್ತವೆ. ಮನೆಯಲ್ಲಿ ಮಾಂಸ ಬೇಯಿಸಲು ಮನಸ್ಸಿಲ್ಲದವರಿಗೆ ಅಂಗಡಿಯ ಬೆಕ್ಕಿನ ಆಹಾರವಿದೆ.

ಖೋಲಿಯಲ್ಲಿ ದಿನಕ್ಕೆ ನಾಲ್ಕಾರು ಸಲ ಸುಮ್ಮನೆ ಹೋಗಿ ಕೂಡಿ. ಪೇಪರ್ ಓದಿ, ಬೇಳೆ ಆರಿಸಿ, ಬಾನುಲಿಯನ್ನು ಸಣ್ಣ ದನಿಯಲ್ಲಿ ಕೇಳಿ. ಬೆಕ್ಕನ್ನು ದಿಟ್ಟಿಸಿ ನೋಡಬೇಡಿ. ಅದು ನಿಮ್ಮನ್ನು ನೋಡಿದಾಗ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ: ಹಾಗೆ ಮಾಡಿದ ಅಪರಿಚಿತರ ಕೈಯ ಹತ್ತಿರ ಬೆಕ್ಕುಗಳು ಹೆಚ್ಚು ಸುಲಭವಾಗಿ ಬಂದವು. ಬೆಕ್ಕು ತಾನಾಗಿ ಡಬ್ಬಿ ಬಳಸಿ, ನೆಮ್ಮದಿಯಿಂದ ಉಣ್ಣತೊಡಗಿದ ಮೇಲೆ ಖೋಲಿಯ ಬಾಗಿಲು ತೆರೆದಿಡಿ. ಮನೆ ನೋಡಲು ಅದೇ ಹೊರಡುತ್ತದೆ. ಡಬ್ಬಿಯನ್ನು ಮಾತ್ರ ಕದಲಿಸಬೇಡಿ. ಬೇರೆ ಕಡೆ ಒಯ್ಯಲೇಬೇಕಾದರೆ ದಿನಕ್ಕೆ ಒಂದೆರಡು ಗೇಣು ಸರಿಸಿ.

ಡಬ್ಬಿಯನ್ನು ದಿನಾ ಎರಡು ಹೊತ್ತು ಸೋಸಿ ಶುಚಿ ಮಾಡಬೇಕು. ಬಸುರಿಯರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಬೇಕು. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಮೊಟ್ಟೆಗಳಿರಬಹುದು. ಅವು ಹೊರಬಿದ್ದು ಒಂದರಿಂದ ಐದು ದಿನಗಳ ಮೇಲೆ ರೋಗ ಹರಡುವ ಸ್ಥಿತಿಗೆ ಬರುತ್ತವೆ. ದಿನವೂ ತೆಗೆದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಬಸುರಿಯಾದಳೆಂದು ಬೆಕ್ಕನ್ನೇ ಊರಾಚೆ ಬಿಟ್ಟು ಬರುವ ಕ್ರೌರ್ಯಕ್ಕೆ ಕಾರಣವಿಲ್ಲ. ತೆಗೆದದ್ದನ್ನು ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಕೊಡಿ. ಸಂಡಾಸಿಗೆ ಸುರಿದರೆ ಬೆಂಟೊನೈಟ್ ಪೈಪಿನಲ್ಲೇ ಉಬ್ಬಿ ಕೂರುತ್ತದೆ, ಆಮೇಲೆ ಪ್ಲಂಬರನ ಬಿಲ್ಲು ಬೆಕ್ಕಿನ ವರ್ಷದ ಖರ್ಚಿಗಿಂತ ದೊಡ್ಡದಾದೀತು.

ಗಂಡು ಬೆಕ್ಕು ನಿಂತೇ ಬಾಲ ಎತ್ತಿ ಗೋಡೆಗೆ, ಪರದೆಗೆ ಚಿಮ್ಮಿಸಿದರೆ ಅದು ಡಬ್ಬಿಯ ಸಮಸ್ಯೆಯಲ್ಲ, ತನ್ನ ಗಡಿ ಗುರುತು ಹಾಕುವುದು. ಆರು ತಿಂಗಳ ಹೊತ್ತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹೆಚ್ಚಿನವುಗಳಲ್ಲಿ ಈ ಚಾಳಿ ನಿಲ್ಲುತ್ತದೆ ಅಥವಾ ಹುಟ್ಟುವುದೇ ಇಲ್ಲ. ರೇಬೀಸ್ ಲಸಿಕೆಯನ್ನೂ ಮರೆಯಬೇಡಿ.

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದದ್ದು. ಆರೋಗ್ಯವಂತ ಬೆಕ್ಕು ದಿನಕ್ಕೆ ಎರಡರಿಂದ ನಾಲ್ಕು ಸಲ ಒಂದಕ್ಕೆ ಹೋಗುತ್ತದೆ. ಹೊಸ ಬೆಕ್ಕು ಮೊದಲ ದಿನ ಅಂಜಿ ತಡೆಹಿಡಿಯಬಹುದು. ಒಂದು ದಿನ ಕಳೆದರೂ ಮೂತ್ರವೇ ಕಾಣದಿದ್ದರೆ ವೈದ್ಯರಿಗೆ ತೋರಿಸಿ. ಎರಡು ದಿನ ಏನೂ ತಿನ್ನದಿದ್ದರೂ ತೋರಿಸಿ, ಉಪವಾಸ ಬಿದ್ದ ಬೆಕ್ಕಿನ ಯಕೃತ್ತು ಬೇಗ ಕೆಡುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಡಬ್ಬಿಗೆ ಹೋಗಿ ಮುಕ್ಕಿರಿದು, ಕೂಗಿ, ಹನಿಯೂ ಬಾರದೆ ಎದ್ದು ಬಂದರೆ ಮೂತ್ರನಾಳ ಕಟ್ಟಿದೆ ಎಂದು ತಿಳಿಯಿರಿ. ಬೆಳಿಗ್ಗೆ ನೋಡೋಣ ಎನ್ನಬೇಡಿ, ರಾತ್ರಿಯಾದರೂ ಆಗಲೇ ಒಯ್ಯಿರಿ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ. ನಮ್ಮ ಜ್ವರಕ್ಕೆ ನುಂಗುವ ಆ ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲದು.

ಬೆಕ್ಕು ತರಬೇಕೆಂದಿರುವವರಲ್ಲಿ ಒಂದು ವಿನಂತಿ. ಗಣೇಶ ಚೌತಿಯ ವಾರ, ದೀಪಾವಳಿಯ ವಾರ, ಮನೆಯಲ್ಲಿ ಮದುವೆ, ಗೃಹಪ್ರವೇಶ ಇರುವ ತಿಂಗಳು ತರಬೇಡಿ. ಪಟಾಕಿ, ಡಿಜೆ ಎಲ್ಲ ಅಡಗಿ, ಮನೆಗೆ ಬಂದ ನೆಂಟರು ಊರಿಗೆ ಹೋದ ಮೇಲೆ, ನಿಮಗೂ ನಾಲ್ಕು ದಿನ ಬಿಡುವಿರುವಾಗ ತನ್ನಿ. ತರುವ ಮೊದಲೇ ಖೋಲಿ ಸಿದ್ಧವಾಗಿರಲಿ.